ಮೂರನೆಯ ಸೋರೆಬುರುಡೆ

"ಗುರುಗಳೇ, ಮಾತು ಬಾರದ ಮಗುವನ್ನು ಮಾತಾಡುವ ಮಕ್ಕಳ ನಡುವೆ ಕೂರಿಸುವುದು ಸರಿಯೇ? ಮಾತು ಬಂದ ಮೇಲೆ ಸೇರಿಸಿಕೊಂಡರೆ ಆಗದೇ?" ಎಂದು ಶಿಷ್ಯ ಕೇಳಿದ.

ಆಶ್ರಮದ ಶಿಶುವಿಹಾರವನ್ನು ನೋಡಿಕೊಳ್ಳುವವನು ಅವನೇ. ಅಂದು ಬೆಳಿಗ್ಗೆ ಒಬ್ಬ ತಾಯಿ ಮೂರು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದಿದ್ದಳು. ಹೆಸರು ಹಿಡಿದು ಕರೆದರೆ ಹುಡುಗ ತಿರುಗುತ್ತಿರಲಿಲ್ಲ. ಬೇಕಾದ್ದನ್ನು ತಾಯಿಯ ಕೈ ಹಿಡಿದೆಳೆದು ತೋರಿಸುತ್ತಿದ್ದ. "ಮೊದಲು ಮಾತು ಬರಲಿ ತಾಯಿ, ಆಮೇಲೆ ಕರೆದುಕೊಂಡು ಬನ್ನಿ" ಎಂದು ಶಿಷ್ಯ ಹೇಳಿದ್ದ. ಅವಳು ಜಗಳವಾಡಲಿಲ್ಲ. ಹೋಗಲೂ ಇಲ್ಲ. ಬಾಗಿಲ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಹೊತ್ತು ಇಳಿಯುತ್ತಿದ್ದರೂ ಅಲ್ಲೇ ಇದ್ದಳು. ಅವಳ ಊರಿನ ಕಡೆಗೆ ಹೋಗುವ ಕೊನೆಯ ಬಸ್ಸಿನ ಸಮಯವಾಗುತ್ತಿತ್ತು.

"ಅವನ ಸನ್ನೆ ನಮಗೆ ತಿಳಿಯುವುದಿಲ್ಲ. ಉಳಿದ ಮಕ್ಕಳು ಗೇಲಿ ಮಾಡಿದರೆ ನೋಯುವುದು ಅವನಿಗೇ. ಅವನ ಒಳ್ಳೆಯದಕ್ಕೇ ಹೇಳಿದೆ" ಎಂದ ಶಿಷ್ಯ.

ಗುರುಗಳು ಬಾಗಿಲ ಕಡೆಗೊಮ್ಮೆ ನೋಡಿದರು. ಕತೆ ಶುರುಮಾಡಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲಿನಲ್ಲಿ ಜನರನ್ನು ದಾಟಿಸುವುದು ಅವನ ಕಸುಬು. ಅವನ ಕೇರಿಯಲ್ಲಿ ಒಂದು ವಾಡಿಕೆಯಿತ್ತು. ಮಗುವಿಗೆ ಮೂರು ತುಂಬಿದ ಬೇಸಿಗೆಯಲ್ಲಿ ಬೆನ್ನಿಗೆ ಎರಡು ಒಣ ಸೋರೆಬುರುಡೆ ಕಟ್ಟಿ, ಕೇರಿಯ ಮಕ್ಕಳ ಜೊತೆ ದಡದ ನೀರಿಗೆ ಬಿಡುತ್ತಿದ್ದರು. ಬುರುಡೆ ತೇಲಿಸುವುದು, ಮಗು ಕೈಕಾಲು ಬಡಿಯುವುದು. ಮಳೆ ಹಿಡಿಯುವಷ್ಟರಲ್ಲಿ ಬುರುಡೆ ಬೇಡವಾಗುವುದು.

ಅಂಬಿಗನಿಗೆ ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಅವಳ ಎಡಗಾಲಿಗೆ ಬಲವಿರಲಿಲ್ಲ. ಅವಳಿಗೂ ಮೂರು ತುಂಬಿತು. ಎಲ್ಲರಿಗೂ ಕಟ್ಟುವಂತೆ ಅವಳಿಗೂ ಎರಡು ಬುರುಡೆ ಕಟ್ಟಿ ನೀರಿಗೆ ಬಿಟ್ಟ. ಮಗು ಎಡಕ್ಕೆ ವಾಲಿ ಮಗುಚಿತು. ನೀರು ಕುಡಿಯಿತು. ಮಕ್ಕಳು ನಕ್ಕರು. ಅಂಬಿಗ ಎತ್ತಿಕೊಂಡು ದಡಕ್ಕೆ ಬಂದ.

"ಎಡಗಡೆಗೆ ಇನ್ನೊಂದು ಬುರುಡೆ ಕಟ್ಟಿದರಾಯಿತಲ್ಲ?" ಎಂದಳು ಹೆಂಡತಿ.

"ಮೂರು ಬುರುಡೆ ಕಟ್ಟಿದ್ದನ್ನು ನಿಮ್ಮಪ್ಪ ಕಂಡಿದ್ದನೋ, ನಮ್ಮಪ್ಪ ಕಂಡಿದ್ದನೋ? ಕೇರಿಯವರೆಲ್ಲ ಆಡಿಕೊಳ್ಳಲಿ ಅಂತಲಾ? ಕಾಲಿಗೆ ಬಲ ಬರಲಿ, ಆಮೇಲೆ ನೋಡೋಣ."

"ಬಲ ಬರುವುದು ನೀರಲ್ಲಿ ಕಾಲಾಡಿಸಿದರೆ ತಾನೇ? ಚಾಪೆಯ ಮೇಲೆ ಕೂತರೆ ಎಲ್ಲಿಂದ ಬರುತ್ತೆ?"

ಅಂಬಿಗ ಬುರುಡೆಗಳನ್ನು ಒಯ್ದು ಮನೆಯ ಸೂರಿಗೆ ನೇತುಹಾಕಿದ.

ಮಗಳೆಂದರೆ ಅವನಿಗೆ ಜೀವ. ಹೋದಲ್ಲೆಲ್ಲ ಹೆಗಲ ಮೇಲೆ ಹೊತ್ತುಕೊಂಡೇ ಹೋಗುತ್ತಿದ್ದ. ಮಕ್ಕಳು ಈಜುವಾಗ ಅವಳನ್ನು ದಡದ ಬಂಡೆಯ ಮೇಲೆ ಕೂರಿಸುತ್ತಿದ್ದ. ಮಕ್ಕಳು ಅವಳಿಗೆ ತಮ್ಮ ಬಟ್ಟೆ ಕಾಯುವ ಕೆಲಸ ಕೊಟ್ಟರು. ಅವಳೂ ಅದನ್ನೇ ಆಟವೆಂದುಕೊಂಡಳು. ನೀರಿನಲ್ಲಿ ಆ ಮಕ್ಕಳು ಒಬ್ಬರ ಕಾಲು ಒಬ್ಬರು ಎಳೆಯುತ್ತ, ಒಬ್ಬರ ಬೆನ್ನು ಒಬ್ಬರು ಹತ್ತುತ್ತ ಬೆಳೆದರು. ಕಣ್ಣು ಮುಚ್ಚಿದ್ದರೂ ಯಾರ ಕೈ ತಾಗಿತೆಂದು ಹೇಳುವಷ್ಟು ಬಳಕೆಯಾಯಿತು. ಕೆಲವು ವರ್ಷ ಹೀಗೇ ಕಳೆಯಿತು.

ಒಂದು ದಿನ ಅಂಬಿಗ ಆಚೆ ದಡದ ಮದುವೆಮನೆಯಿಂದ ಕೇರಿಯ ಮಕ್ಕಳನ್ನು ಹರಿಗೋಲಿನಲ್ಲಿ ಕರೆತರುತ್ತಿದ್ದ. ಮಗಳು ಅವನ ಕಾಲ ಬಳಿ ಕುಳಿತಿದ್ದಳು. ಮೇಲೆಲ್ಲೋ ಮಳೆಯಾಗಿತ್ತು. ನಡುಹೊಳೆಗೆ ಬರುವಷ್ಟರಲ್ಲಿ ಕೆಂಪುನೀರು ನುಗ್ಗಿತು. ತೇಲಿಬಂದ ಮರದ ದಿಮ್ಮಿ ಹರಿಗೋಲಿಗೆ ಬಡಿಯಿತು. ಹರಿಗೋಲು ಮಗುಚಿತು.

ಅಂಬಿಗ ಮೇಲೆದ್ದು ನೋಡಿದ. ಮಕ್ಕಳ ತಲೆಗಳು ದಡದ ಕಡೆಗೆ ಸಾಗುತ್ತಿದ್ದವು. ಮಗಳು ಕಾಣಲಿಲ್ಲ. ಕೂಗಿದ. ನೀರಿನ ಸದ್ದಿಗೆ ಅವನ ದನಿ ಅವನಿಗೇ ಕೇಳಲಿಲ್ಲ. ಅಷ್ಟರಲ್ಲಿ ಅವಳು ಕೇರಿಯ ಒಬ್ಬ ದೊಡ್ಡ ಹುಡುಗಿಯ ಪಕ್ಕದಲ್ಲೇ ಮೇಲೆದ್ದಳು. ಎರಡೂ ಕೈಯಿಂದ ಆ ಹುಡುಗಿಯ ಕುತ್ತಿಗೆಯನ್ನು ಬಾಚಿ ಹಿಡಿದಳು. ಹುಡುಗಿ ಬೆಚ್ಚಿ ಕೊಸರಿಕೊಂಡಳು, ಅವಳನ್ನು ದೂಡಿದಳು, ಈಜಿಕೊಂಡು ಹೋದಳು. ಮಗಳು ಮತ್ತೆ ಮುಳುಗಿದಳು.

ಗುರುಗಳು ಒಂದು ಕ್ಷಣ ನಿಲ್ಲಿಸಿದರು. ಬೇಡವೆಂದರೂ ಶಿಷ್ಯನ ಕಣ್ಣು ಮೆಟ್ಟಿಲ ಕಡೆಗೆ ಹೋಯಿತು.

ಅಂಬಿಗನ ಕೈಗೆ ಮಗಳ ಜಡೆ ಸಿಕ್ಕಿತು. ದಡಕ್ಕೆಳೆದು ಬೋರಲು ಮಲಗಿಸಿ ಬೆನ್ನು ತಟ್ಟಿದ. ಬಹಳ ಹೊತ್ತಿನ ಮೇಲೆ ಕೆಮ್ಮಿದಳು. ಅವಳು ಉಸಿರಾಡಿದ್ದನ್ನು ಕಂಡ ಮೇಲೆಯೇ ಅವನಿಗೆ ಸಿಟ್ಟು ಬಂದದ್ದು.

"ಕೈಗೆ ಸಿಕ್ಕವಳನ್ನು ದೂಡಿದೆಯಲ್ಲೇ, ಪಾಪಿ!" ಎಂದು ಆ ಹುಡುಗಿಯ ಮೇಲೆ ಎರಗಿದ.

ಹುಡುಗಿ ಗಡಗಡ ನಡುಗುತ್ತಿದ್ದಳು. "ಅವಳು ಹೆಂಗೆ ಹಿಡ್ಕೋತಾಳೆ ಅಂತ ನಂಗೇನು ಗೊತ್ತು ಚಿಗಪ್ಪಾ? ನಮ್ಮ ಜೊತೆ ಯಾವತ್ತು ನೀರಿಗೆ ಇಳಿದಿದ್ಲು? ನೀನೇ ತಾನೆ ಬಂಡೆ ಮೇಲೆ ಕೂರಿಸ್ತಿದ್ದಿದ್ದು?"

ಅಂಬಿಗನ ಎತ್ತಿದ ಕೈ ಕೆಳಗಿಳಿಯಿತು.

ಹೊಳೆ ಇಳಿದ ಮೇಲೆ ಅವನು ಸೂರಿನಿಂದ ಬುರುಡೆ ಇಳಿಸಿದ. ಇನ್ನೊಂದನ್ನು ಹುಡುಕಿ ತಂದು ಎಡಗಡೆಗೆ ಸೇರಿಸಿ ಕಟ್ಟಿದ. ಮಗಳು ವಾಲಲಿಲ್ಲ. ಆದರೆ ನೀರು ಮುಟ್ಟಿದೊಡನೆ ಕಿರುಚಿದಳು. ತಾಯಿ ತಾನೂ ನೀರಿಗಿಳಿದು ಕೈಚಾಚಿ ನಿಂತಳು. ಆ ದೊಡ್ಡ ಹುಡುಗಿಯೂ ಬಂದು ಪಕ್ಕದಲ್ಲಿ ನಿಂತಳು. ಕೇರಿಯ ಮಕ್ಕಳು ಒಂದು ಬೇಸಿಗೆಯಲ್ಲಿ ನಗುನಗುತ್ತ ಕಲಿತದ್ದನ್ನು ಅವಳು ವರ್ಷಗಟ್ಟಲೆ ಅಳುತ್ತ ಕಲಿತಳು.

ಕತೆ ಮುಗಿಯಿತು.

"ಅಂತೂ ಕಲಿತಳಲ್ಲ ಗುರುಗಳೇ. ಹಾಗಾದರೆ ತಡವಾದರೂ..." ಎಂದ ಶಿಷ್ಯ ಮಾತು ಮುಗಿಸಲಿಲ್ಲ. ದೂರದಲ್ಲಿ ಬಸ್ಸಿನ ಸದ್ದು ಕೇಳಿಸಿತು. ಮೆಟ್ಟಿಲ ಮೇಲಿದ್ದ ತಾಯಿ ಎದ್ದು ಮಗನನ್ನು ಸೊಂಟಕ್ಕೇರಿಸಿಕೊಂಡಳು.

ಗುರುಗಳು ಹೇಳಿದರು: "ಮೂರನೆಯ ಬುರುಡೆ ಕಟ್ಟುವುದು ನಿನಗೆ ಯಾವಾಗ ಬರುತ್ತದೆಂದು ಹೋಗಿ ಅವಳಿಗೆ ಹೇಳು, ಅವಳು ಆಗ ಬರಲಿ."

ಶಿಷ್ಯನಿಗೆ ಮಾತು ಬರಲಿಲ್ಲ.