ಹವ್ವಮ್ಮನ ಕೈಗೆ ಬಂದ ಸಿಹಿನೀರು

ಈ ಕಡೆ ತಿರುಗಿ ಮಲಗು ಮಗಾ, ಹೇಳ್ತೀನಿ. ಹಾಯಿಹಡಗಲ್ಲೇ ಹಜ್ಜಿಗೆ ಹೋಗಿ ಬರ್ತಿದ್ದ ಒಂದಾನೊಂದು ಕಾಲ ಅದು. ಆಗ ನಮ್ಮ ಕಡಲ ದಂಡೇಲಿ ಪೊಡಿಯಬ್ಬ ಅಂತ ಒಬ್ಬ ಹಡಗಿನ ಯಜಮಾನ ಇದ್ದನಂತೆ. ಅವನಿಗೆ ಮೂರು ಮಕ್ಕಳು. ದೊಡ್ಡವನು ಹಸನಬ್ಬ, ನಡುವಿನವನು ಯಾಕೂಬು, ಕಿರಿಯವಳು ಹವ್ವಮ್ಮ. ಮಕ್ಕಳನ್ನೂ ಊರಿನ ಅರವತ್ತು ಜನರನ್ನೂ ಹತ್ತಿಸಿಕೊಂಡು ಹಜ್ಜು ಮುಗಿಸಿ ಬರ್ತಾ ಇರುವಾಗ ನಡುಗಡಲಲ್ಲಿ ಗಾಳಿ ನಿಂತೇಹೋಯ್ತಂತೆ. ಹಾಯಿ ಒಣಗಹಾಕಿದ ಸೀರೆ ಹಾಗೆ ಜೋತುಬಿತ್ತಂತೆ. ಅವತ್ತೇ ಪೊಡಿಯಬ್ಬನಿಗೆ ಜ್ವರ ಏರಿ, ಏಳೋಕಾಗದೆ, ಕುಡಿಯೋ ನೀರಿನ ಕೋಣೆಯ ಬೀಗದ ಕೈಯನ್ನ ದೊಡ್ಡ ಮಗನಿಗೆ ಕೊಟ್ಟು, ಒಂಬತ್ತು ಪೀಪಾಯಿ ನೀರಿದೆ, ಗಾಳಿ ಯಾವಾಗ ಬರುತ್ತೋ ಅಲ್ಲಾಹನಿಗೇ ಗೊತ್ತು, ನೋಡಿಕೊಂಡು ಕೊಡಪ್ಪಾ ಅಂದನಂತೆ.

ಹಸನಬ್ಬ ಕೆಟ್ಟವನಲ್ಲ, ಧಾರಾಳಿ. ಆದರೆ ಜನ ಹೊಗಳಬೇಕು ಅನ್ನೋ ಚಪಲ. ಅಲ್ಲೀತನಕ ಎಲ್ಲರೂ ನಮಾಜಿಗೆ ಮುಂಚೆ ಕಡಲ ನೀರಲ್ಲೇ ವುಜೂ ಮಾಡಿ ಕೈಕಾಲು ಮುಖ ತೊಳೀತಿದ್ದರು. ಇವನು, ಛೇ, ನಮ್ಮ ಹಡಗಲ್ಲಿ ಹಾಜಿಗಳ ಮುಖಕ್ಕೆ ಉಪ್ಪುನೀರಾ ಅಂತ ಸಿಹಿನೀರನ್ನ ಕೊಡಗಟ್ಟಲೆ ತಂದು ಸುರಿಸಿದನಂತೆ. ತಾನೋ, ಮೂರು ಸಲ ತೊಳೆದರೆ ಸಾಲದು ಅಂತ ಏಳು ಸಲ, ಎಂಟು ಸಲ. ಆಮೇಲೆ ಎಲ್ಲರಿಗೂ ಗುಲಾಬಿ ಶರಬತ್ತು. ಅರ್ಧ ಕುಡಿದು ಚೆಲ್ಲಿದವರಿಗೆ ಮತ್ತೆ ತುಂಬಿಸೋದು. ಇದಿನಬ್ಬ ಹಾಜಿ ಅಂತ ಒಬ್ಬ ಮುದುಕ ತಡೆಯಲಾರದೆ ಬಂದು, ಹರಿಯೋ ಹೊಳೆ ಪಕ್ಕ ಕೂತಿದ್ದರೂ ನೀರು ಪೋಲು ಮಾಡಬೇಡಿ ಅಂದಿದಾರೆ ನಮ್ಮ ಪ್ರವಾದಿ, ಕಡಲ ನೀರೂ ಶುದ್ಧವೇ, ಬಿಡಪ್ಪಾ ಅಂದನಂತೆ.

ದಾನ ಮಾಡೋದೂ ತಪ್ಪಾ ಅಂತ ಹಸನಬ್ಬ ಮುಖ ಊದಿಸಿಕೊಂಡ.

ಬಾಯಾರಿದವನಿಗೆ ಕೊಟ್ಟರೆ ದಾನ, ಹಲಗೆ ಮೇಲೆ ಹರಿದುಹೋಗೋದು ಇಸ್ರಾಫು, ಬರೀ ದುಂದು ಅಂದನಂತೆ ಮುದುಕ.

ಕೇಳಬೇಕಲ್ಲ! ಆರನೇ ದಿನ ನೋಡಿದರೆ ಎರಡೇ ಪೀಪಾಯಿ. ಗಾಳಿಯ ಸುಳಿವಿಲ್ಲ. ಕಡಲು ಕಾದ ಹಂಚಿನ ಹಾಗೆ.

ಆಮೇಲೆ ಪೊಡಿಯಬ್ಬ ಬೀಗದ ಕೈ ಕಿತ್ತು ಯಾಕೂಬುಗೆ ಕೊಟ್ಟನಂತೆ. ಯಾಕೂಬು ಅಣ್ಣನ ತದ್ವಿರುದ್ಧ. ಕೋಣೆಗೆ ಬೀಗ ಜಡಿದು, ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಮೊದಲ ದಿನ ತಲೆಗೆ ಅರ್ಧ ತೆಂಗಿನ ಚಿಪ್ಪು ನೀರು ಕೊಟ್ಟ. ಎರಡನೇ ದಿನ ನಾಲಿಗೆ ನೆನೆಯೋವಷ್ಟು. ಮೂರನೇ ದಿನ ಏನೂ ಇಲ್ಲ. ಬೀಪಾತು ಅನ್ನೋಳಿಗೆ ಹಡಗಲ್ಲೇ ಹುಟ್ಟಿದ ಕೂಸಿತ್ತು, ಅವಳಿಗೆ ಎದೆಹಾಲು ಬತ್ತಿತ್ತು. ಒಂದು ಚಿಪ್ಪು ಕೊಡಣ್ಣಾ ಅಂತ ಕಾಲು ಹಿಡಿದಳು. ನಾಳೆಗೆ ಬೇಕು ಅಂದ. ಅಳ್ತಾ ಇದ್ದ ಕೂಸು ಮಧ್ಯಾಹ್ನದ ಹೊತ್ತಿಗೆ ಅಳೋದನ್ನೇ ನಿಲ್ಲಿಸಿಬಿಡ್ತಂತೆ.

ಕೂಸಿನ ಸದ್ದು ನಿಂತಿದ್ದು ನೋಡಿ ಹಡಗಿನ ಆಳುಗಳು, ಖಲಾಸಿಗಳು, ಕೊಡಲಿ ಎತ್ತಿಕೊಂಡು ಬಂದರು. ಯಾಕೂಬು ಚೂರಿ ಹಿರಿದು ನಿಂತ. ಬಾಗಿಲು ಒಡೆದರೆ ನೂಕುನುಗ್ಗಲಲ್ಲಿ ಪೀಪಾಯಿಗಳೇ ಉರುಳೋದು, ಆಮೇಲೆ ಯಾರಿಗೂ ಇಲ್ಲ. ಕೊಡಲಿಗೂ ಚೂರಿಗೂ ನಡುವೆ ಹವ್ವಮ್ಮ ಬಂದು ನಿಂತಳಂತೆ ಮಗಾ. ಅಣ್ಣನ ಮುಂದೆ ಕೈ ಚಾಚಿ, ಬೀಗದ ಕೈ ಕೊಡು, ಆ ಕೂಸು ಹೋದಮೇಲೆ ಉಳಿಸಿದ ನೀರನ್ನ ಯಾರ ಬಾಯಿಗೆ ಹಾಕ್ತೀಯ ಅಂದಳಂತೆ.

ಮುಗಿದುಹೋದರೆ ಎಲ್ಲರೂ ಸಾಯ್ತೀವಲ್ಲೇ ಅಂದ ಯಾಕೂಬು. ಅವನಿಗೂ ಪಾಪ, ಹೆದರಿಕೆ.

ಮುಗಿಯೋದೇ ಆದರೆ ಮೊದಲು ನನ್ನ ಪಾಲೇ ಮುಗೀಲಿ ಅಂದಳು. ಚೂರಿ ಕೆಳಗಿಳೀತು. ಬೀಗದ ಕೈ ಅವಳ ಕೈಗೆ ಬಂತು.

ಹವ್ವಮ್ಮ ಕೋಣೆ ತೆಗೆದು, ಸಿಹಿನೀರಲ್ಲಿ ಅದ್ದಿದ ಬಟ್ಟೆಯ ತುದಿಯಿಂದ ಕೂಸಿನ ತುಟಿಗೆ ಒಂದು ಹನಿ ಬಿಟ್ಟಳು. ಅಲುಗಲಿಲ್ಲ. ಇನ್ನೊಂದು ಹನಿ. ಅದು ಕೆನ್ನೆ ಮೇಲೆ ಜಾರಿಹೋಯ್ತು. ಮೂರನೇ ಹನಿಗೆ ಕೂಸು ಚಪ್ ಅಂತ ನಾಲಿಗೆ ಆಡಿಸ್ತಂತೆ!

ಆಮೇಲೆ ಬೀಪಾತುಗೆ ತುಂಬಿದ ಚಿಪ್ಪು, ಗಟ್ಟಿಮುಟ್ಟಾದವರಿಗೆ ಅರ್ಧ, ಜ್ವರದಲ್ಲಿ ಬೇಯ್ತಿದ್ದ ಅಪ್ಪನಿಗೆ ಎರಡು. ಖಲಾಸಿಯೊಬ್ಬ, ಓಹೋ, ಸ್ವಂತ ಅಪ್ಪನಿಗೆ ಎರಡಾ, ಇದು ದುಂದಲ್ವಾ ಅಂತ ಕೂಗಿದ. ಹವ್ವಮ್ಮನ ಮುಖ ಕೆಂಪಾಯ್ತು. ಆದರೂ ನಿಧಾನಕ್ಕೆ, ಜ್ವರ ನಿನಗೆ ಬಂದರೆ ನಿನಗೂ ಎರಡು, ಅಪ್ಪನ ಜ್ವರ ಬಿಟ್ಟ ದಿನ ಅವರಿಗೂ ಅರ್ಧವೇ ಅಂದಳಂತೆ. ಇದಿನಬ್ಬ ಹಾಜಿ ತಲೆಯಾಡಿಸಿ, ಬೇಕಾದವನಿಗೆ ಬೇಕಾದಷ್ಟು ಕೊಡೋದು ದುಂದಲ್ಲ, ಸುಮ್ಮನಿರು ಅಂದ.

ಹೀಗೇ ಐದು ದಿನ. ಕೊನೇ ಪೀಪಾಯಿಯ ತಳ ಕೆರೆಯೋ ಹೊತ್ತಿಗೆ ಹಸನಬ್ಬ ಬಂದ. ತುಟಿ ಒಡೆದು ರಕ್ತ. ನನ್ನ ಪಾಲು ಬೇಡ, ಬೀಪಾತುಗೇ ಕೊಟ್ಟುಬಿಡು, ಎಲ್ಲಾ ನನ್ನಿಂದಲೇ ಆಗಿದ್ದು ಅಂತ ಕಣ್ಣೀರಿಟ್ಟ.

ಹವ್ವಮ್ಮ ಚಿಪ್ಪನ್ನ ಅವನ ಬಾಯಿಗೇ ಹಿಡಿದು, ನಿನ್ನ ಜೀವ ಚೆಲ್ಲೋದೂ ಪೋಲೇ ಕಣೋ ಅಣ್ಣಾ, ಕುಡಿ ಅಂದಳಂತೆ. ಅವನು ಎರಡೂ ಕೈಯಲ್ಲಿ ಚಿಪ್ಪು ಹಿಡಿದು, ಒಂದು ಹನಿಯೂ ಗಡ್ಡಕ್ಕೆ ಬೀಳದ ಹಾಗೆ ಕುಡಿದನಂತೆ.

ಅವತ್ತು ಸಂಜೆಮುಂದಿನ ಅಸರ್ ನಮಾಜಿಗೆ ಎಲ್ಲರೂ ಸಾಲಾಗಿ ನಿಂತಿದ್ದಾಗ ಹಾಯಿ ಪಟಪಟ ಅಂತು. ಗಾಳಿ! ಮಾರನೇ ದಿನವೇ ತೆಂಗಿನ ತಲೆಗಳು ಕಂಡವಂತೆ. ಊರವರು ದೋಣಿ ತುಂಬ ಎಳನೀರು ತಂದರು. ಪೊಡಿಯಬ್ಬನ ಜ್ವರ ಇಳೀತು. ಅಣ್ಣಂದಿರಿಬ್ಬರೂ ಹೊಂದಿಕೊಂಡು ಹಡಗು ನಡೆಸಿಕೊಂಡು ಹೋದರು, ಬೀಪಾತುನ ಕೂಸು ದುಂಡದುಂಡಗೆ ಬೆಳೀತಂತೆ. ಹಡಗು ದಡ ಸೇರ್ತು ಮಗಾ, ನನ್ನ ಕತೆನೂ ದಡ ಸೇರ್ತು. ಕಣ್ಣು ಮುಚ್ಚು.