ಕಂಪ್ಯೂಟರಿನೊಳಗಿನ ಕೆಂಚಿಯ ಕೂಗು

ಹತ್ತಿರ ಬನ್ನಿ. ಇನ್ನೂ ಹತ್ತಿರ. ಇದು ಮೆಲ್ಲಗೆ ಹೇಳುವ ಕಥೆ. ನಡುವೆ ಯಾರೂ ಏಳಬಾರದು. ನೀರು ಕುಡಿಯುವವರು ಈಗಲೇ ಕುಡಿದು ಬನ್ನಿ.

ಕಲ್ಲುಗುಡ್ಡದ ಕೆಳಗೆ ಒಂದು ಊರು. ಫೋನಿಗೆ ಸಿಗ್ನಲ್ ಕೂಡ ಸಿಗದ ಊರು. ಆ ಊರಿನಲ್ಲಿ ಒಬ್ಬಳು ಹುಡುಗಿ. ಹೆಸರು ಹುಲಿಗೆಮ್ಮ. ವಯಸ್ಸು ಏಳು. ಹುಲಿಗೆಮ್ಮನಿಗೆ ಒಂದು ಆಡು. ಹೆಸರು ಕೆಂಚಿ. ಕೆಂಚಿಗೆ ಒಂದು ಮರಿ. ಮರಿಗೆ ಇನ್ನೂ ಹೆಸರಿಲ್ಲ. ಹುಟ್ಟಿ ಇಪ್ಪತ್ತೇ ದಿನ.

ನಿನ್ನೆ ಸಂಜೆ ಗುಡ್ಡದಿಂದ ಎಲ್ಲ ಆಡುಗಳೂ ಬಂದವು. ಮರಿ ಬರಲಿಲ್ಲ.

ಅಪ್ಪ ಹುಡುಕಿದ. ಅವ್ವ ಹುಡುಕಿದಳು. ಮರಿ ಸಿಗಲಿಲ್ಲ. ಆಡಿನ ಮರಿ ಹೆದರಿದರೆ ಬಂಡೆಯ ಸಂದಿಯಲ್ಲಿ ಅಡಗುತ್ತದೆ. ಮನುಷ್ಯರು ಕರೆದರೆ ಇನ್ನೂ ಒಳಗೆ ಹೋಗುತ್ತದೆ. ತಾಯಿ ಕರೆದರೆ ಮಾತ್ರ ಹೊರಗೆ ಬರುತ್ತದೆ.

ಕೆಂಚಿ ಕರೆಯಿತು. ಕರೆದೇ ಕರೆಯಿತು. ಬೆಳಗಾಗುವಷ್ಟರಲ್ಲಿ ಗಂಟಲು ಕಟ್ಟಿಹೋಯಿತು. ಈಗ ಬಾಯಿ ತೆರೆದರೂ ಕೂಗಿಲ್ಲ. ಮೇವು ಹಾಕಿದರೆ ಮೂಸಿಯೂ ನೋಡಲಿಲ್ಲ.

"ಇವತ್ತು ಹೊತ್ತು ಮುಳುಗೂದರೊಳಗ ಮರಿ ಸಿಗಬೇಕು," ಅಂದ ಅಪ್ಪ. "ಇಲ್ಲಂದ್ರ ಗುಡ್ಡದಾಗ ತೋಳ ಅದಾವ."

ಹುಲಿಗೆಮ್ಮ ಗುಡ್ಡದ ಕಡೆ ನೋಡಿದಳು. ಆಮೇಲೆ ಒಂದು ಮಾತು ನೆನಪಾಯಿತು. ಹೋದ ವರ್ಷ ಶಾಲೆಯಲ್ಲಿ ಪ್ರಾಣಿಗಳ ಪಾಠ. ಶಾಲೆಯ ಅಕ್ಕೋರು ಊರಿನ ಪ್ರಾಣಿಗಳ ಕೂಗನ್ನೆಲ್ಲ ಕಂಪ್ಯೂಟರಿಗೆ ತುಂಬಿದ್ದರು. ನಾಯಿಯ ಬೌ. ಎತ್ತಿನ ಅಂಬಾ. ಕೆಂಚಿಯ ಮ್ಯಾ.

ಶಾಲೆಯ ಮೇಲೆ ಮೈಕು ಇತ್ತು. ಕೂಗು ಸಿಕ್ಕರೆ ಗುಡ್ಡಕ್ಕೆಲ್ಲ ಕೇಳುತ್ತದೆ.

ಹುಲಿಗೆಮ್ಮ ಶಾಲೆಗೆ ಓಡಿದಳು.

ಕಂಪ್ಯೂಟರ್ ಮೇಜಿನ ಮೇಲೆ ಕೂತಿತ್ತು. ಮುಖ ಕಪ್ಪಗಿತ್ತು.

"ಕಂಪ್ಯೂಟರಪ್ಪಾ, ಕಂಪ್ಯೂಟರಪ್ಪಾ, ನಮ್ಮ ಕೆಂಚಿ ಕೂಗು ಕೊಡು.
ಮರಿ ಬರಬೇಕಂದ್ರ ಕೂಗು ಬೇಕು."

ಕಂಪ್ಯೂಟರ್ ಹೇಳಿತು: "ಆಗೂದಿಲ್ಲ ತಂಗಿ. ಕೂಗು ನನ್ನ ಹೊಟ್ಟ್ಯಾಗ ಐತಿ. ಆದ್ರ ನನಗ ಏಳಾಕ ಆಗವಲ್ದು. ನನ್ನೊಳಗಿನ ಹಳೇ ಬೋರ್ಡಿಗೆ ಮುಪ್ಪಾಗಿತ್ತು. ನಿನ್ನೆ ಪ್ಯಾಟಿಯಿಂದ ಹೊಸಾ ಬೋರ್ಡು ತಂದು ಹಾಕ್ಯಾರ. ನನ್ನ ಹಳೇ ಓಎಸ್‌ಗೆ ಹೊಸಾ ಬೋರ್ಡಿನ ಗುರ್ತು ಹತ್ತವಲ್ದು. ಹೊಸಾ ಓಎಸ್ ತಾ. ಆಗ ಏಳತೀನಿ."

ಓಎಸ್ ಅಂದರೆ ಏನು? ನಿಮಗೆ ಗೊತ್ತಿಲ್ಲ. ಹುಲಿಗೆಮ್ಮನಿಗೂ ಗೊತ್ತಿರಲಿಲ್ಲ.

ಅಕ್ಕೋರು ಹೇಳಿದರು: "ಕಂಪ್ಯೂಟರಿಗೆ ಏಳು ಅನ್ನೂದು ಓಎಸ್. ನೋಡು ಅನ್ನೂದು ಓಎಸ್. ಹಾಡು ಅನ್ನೂದು ಓಎಸ್. ಅದಿಲ್ಲಂದ್ರ ಇದು ಬರೇ ಡಬ್ಬಿ. ಅದನ್ನ ಪೆನ್‌ಡ್ರೈವಿನ್ಯಾಗ ತರಬೇಕು, ಯವ್ವಾ." ತಮ್ಮ ಕೀಲಿ ಗೊಂಚಲಿನಿಂದ ಪೆನ್‌ಡ್ರೈವ್ ಬಿಚ್ಚಿ ಕೊಟ್ಟರು. ಹೆಬ್ಬೆರಳಿನಷ್ಟೇ ಇತ್ತು.

"ಪೆನ್‌ಡ್ರೈವಪ್ಪಾ, ಪೆನ್‌ಡ್ರೈವಪ್ಪಾ, ಓಎಸ್ ಕೊಡು.
ಮರಿ ಬರಬೇಕಂದ್ರ ಕೂಗು ಬೇಕು.
ಕೂಗು ಬೇಕಂದ್ರ ಕಂಪ್ಯೂಟರ್ ಏಳಬೇಕು.
ಕಂಪ್ಯೂಟರ್ ಏಳಬೇಕಂದ್ರ ಓಎಸ್ ಬೇಕು."

ಪೆನ್‌ಡ್ರೈವ್ ಹೇಳಿತು: "ಆಗೂದಿಲ್ಲ ಅಕ್ಕಾ. ನಾ ಖಾಲಿ ಅದೀನಿ. ಯಾರರ ನನ್ನ ತುಂಬಬೇಕು. ಗ್ರಂಥಾಲಯಕ್ಕ ಹೋಗು. ಫಕೀರಪ್ಪ ಮಾವನ್ನ ಕೇಳು."

ಹುಲಿಗೆಮ್ಮ ಕಣ್ಣು ಒರೆಸಿಕೊಂಡಳು. ನಡೆದಳು. ಹೊತ್ತು ಏರಿತು.

ಫಕೀರಪ್ಪ ಊರಿನ ಗ್ರಂಥಾಲಯ ನೋಡಿಕೊಳ್ಳುವವನು. ಅಲ್ಲಿಯೂ ಒಂದು ಕಂಪ್ಯೂಟರ್ ಇತ್ತು.

"ಫಕೀರಪ್ಪ ಮಾವಾ, ಫಕೀರಪ್ಪ ಮಾವಾ, ಪೆನ್‌ಡ್ರೈವ್ ತುಂಬಿಕೊಡು.
ಮರಿ ಬರಬೇಕಂದ್ರ ಕೂಗು ಬೇಕು.
ಕೂಗು ಬೇಕಂದ್ರ ಕಂಪ್ಯೂಟರ್ ಏಳಬೇಕು.
ಕಂಪ್ಯೂಟರ್ ಏಳಬೇಕಂದ್ರ ಓಎಸ್ ಬೇಕು.
ಓಎಸ್ ಬೇಕಂದ್ರ ಪೆನ್‌ಡ್ರೈವ್ ತುಂಬಬೇಕು."

ಫಕೀರಪ್ಪ ಹೇಳಿದ: "ಆಗೂದಿಲ್ಲ ಮಗಳ. ಓಎಸ್ ನೆಟ್‌ನ್ಯಾಗ ಇಳೀಬೇಕು. ನೆಟ್ ಎಲ್ಲೈತಿ? ಮಂಗ್ಯಾ ಜೋತಾಡಿ ವೈರ್ ಹರದೈತಿ. ಮೂರು ದಿನ ಆತು. ಕೇಬಲ್ ರಾಜಾಸಾಬನ್ನ ಕೇಳು."

ಹುಲಿಗೆಮ್ಮ ಕಣ್ಣು ಒರೆಸಿಕೊಂಡಳು. ನಡೆದಳು. ಹೊತ್ತು ನೆತ್ತಿಗೆ ಬಂತು.

ರಾಜಾಸಾಬ ಕಂಬದ ಕೆಳಗೆ ಕೂತಿದ್ದ. ಹರಿದ ವೈರ್ ಮೇಲೆ ಜೋಲಾಡುತ್ತಿತ್ತು.

"ರಾಜಾಸಾಬ ಕಾಕಾ, ರಾಜಾಸಾಬ ಕಾಕಾ, ವೈರ್ ಕೂಡಿಸಿಕೊಡು.
ಮರಿ ಬರಬೇಕಂದ್ರ ಕೂಗು ಬೇಕು.
ಕೂಗು ಬೇಕಂದ್ರ ಕಂಪ್ಯೂಟರ್ ಏಳಬೇಕು.
ಕಂಪ್ಯೂಟರ್ ಏಳಬೇಕಂದ್ರ ಓಎಸ್ ಬೇಕು.
ಓಎಸ್ ಬೇಕಂದ್ರ ಪೆನ್‌ಡ್ರೈವ್ ತುಂಬಬೇಕು.
ಪೆನ್‌ಡ್ರೈವ್ ತುಂಬಬೇಕಂದ್ರ ನೆಟ್ ಬರಬೇಕು.
ನೆಟ್ ಬರಬೇಕಂದ್ರ ವೈರ್ ಕೂಡಬೇಕು."

ರಾಜಾಸಾಬ ಹೇಳಿದ: "ಆಗೂದಿಲ್ಲ ಬೇಟಿ. ಕೂಡಸೂದು ಒಂದು ಚಣದ ಕೆಲಸ. ಆದ್ರ ಏರೂದು ಹ್ಯಾಂಗ? ನಾ ಏನ್ ಮಂಗ್ಯಾನ? ಏಣಿ ಬೇಕು. ಊರಾಗ ಉದ್ದನ್ನ ಏಣಿ ಒಂದೇ. ಈರಮ್ಮಜ್ಜಿ ಕಡೆ ಐತಿ."

ಹುಲಿಗೆಮ್ಮ ಕಣ್ಣು ಒರೆಸಿಕೊಂಡಳು. ನಡೆದಳು. ಹೊತ್ತು ವಾಲಿತು.

"ಈರಮ್ಮಜ್ಜಿ, ಈರಮ್ಮಜ್ಜಿ, ಏಣಿ ಕೊಡು.
ಮರಿ ಬರಬೇಕಂದ್ರ ಕೂಗು ಬೇಕು.
ಕೂಗು ಬೇಕಂದ್ರ ಕಂಪ್ಯೂಟರ್ ಏಳಬೇಕು.
ಕಂಪ್ಯೂಟರ್ ಏಳಬೇಕಂದ್ರ ಓಎಸ್ ಬೇಕು.
ಓಎಸ್ ಬೇಕಂದ್ರ ಪೆನ್‌ಡ್ರೈವ್ ತುಂಬಬೇಕು.
ಪೆನ್‌ಡ್ರೈವ್ ತುಂಬಬೇಕಂದ್ರ ನೆಟ್ ಬರಬೇಕು.
ನೆಟ್ ಬರಬೇಕಂದ್ರ ವೈರ್ ಕೂಡಬೇಕು.
ವೈರ್ ಕೂಡಬೇಕಂದ್ರ ಏಣಿ ಬೇಕು."

ಈರಮ್ಮಜ್ಜಿ ಹೇಳಿದಳು: "ಆಗೂದಿಲ್ಲ ನನ್ನ ಕೂಸ. ಏಣಿ ಮೇವಿನ ಕೋಣ್ಯಾಗ ಮಲಗೈತಿ. ಅದರ ಮೆಟ್ಟಲ ನಡುವ ನಮ್ಮ ಕೋಳಿ ಕಾವಿಗೆ ಕುಂತೈತಿ. ಏಣಿ ಎಳದ್ರ ತತ್ತಿ ಒಡೀತಾವ. ಕಾವಿಗೆ ಕುಂತ ಕೋಳಿನ ನಾ ಎಬ್ಬಸೂದಿಲ್ಲ. ನೀನೇ ಕೇಳಿ ನೋಡು."

ಹುಲಿಗೆಮ್ಮ ಮೇವಿನ ಕೋಣೆಗೆ ಹೋದಳು. ಮೆಲ್ಲಗೆ ಹೋದಳು. ಕೋಳಿ ರೆಕ್ಕೆ ಹರಡಿ ಕೂತಿತ್ತು. ಕೆಳಗೆ ಏಳು ಮೊಟ್ಟೆ.

"ಕೋಳಿಯವ್ವಾ, ಕೋಳಿಯವ್ವಾ, ಚೂರು ಏಳು.
ಮರಿ ಬರಬೇಕಂದ್ರ ಕೂಗು ಬೇಕು.
ಕೂಗು ಬೇಕಂದ್ರ ಕಂಪ್ಯೂಟರ್ ಏಳಬೇಕು.
ಕಂಪ್ಯೂಟರ್ ಏಳಬೇಕಂದ್ರ ಓಎಸ್ ಬೇಕು.
ಓಎಸ್ ಬೇಕಂದ್ರ ಪೆನ್‌ಡ್ರೈವ್ ತುಂಬಬೇಕು.
ಪೆನ್‌ಡ್ರೈವ್ ತುಂಬಬೇಕಂದ್ರ ನೆಟ್ ಬರಬೇಕು.
ನೆಟ್ ಬರಬೇಕಂದ್ರ ವೈರ್ ಕೂಡಬೇಕು.
ವೈರ್ ಕೂಡಬೇಕಂದ್ರ ಏಣಿ ಬೇಕು.
ಏಣಿ ಬೇಕಂದ್ರ ಕೋಳಿ ಏಳಬೇಕು."

ಕೋಳಿ ಹೇಳಿತು: "ಆಗೂದಿಲ್ಲ. ನಾ ಎದ್ರ ತತ್ತಿ ತಣ್ಣಗಾಗತಾವ. ತತ್ತಿ ತಣ್ಣಗಾದ್ರ ಮರಿ ಸಾಯತಾವ. ನಿನಗ ಒಂದು ಮರಿ. ನನಗ ಏಳು."

"ನನ್ನ ತೊಡಿ ಮ್ಯಾಲ ಇಟ್ಟುಕೊಳ್ಳಲೇನು?"

"ನೀ ಕುಂತ್ರ ಓಡಾಡೋರು ಯಾರು?"

"ಈರಮ್ಮಜ್ಜಿ ಕೈಯಾಗ ಕೊಡಲೇನು?"

"ಅಜ್ಜಿ ಕೈ ತಣ್ಣಗ ಅದಾವ. ಬೆಚ್ಚನ್ನ ಹೊಟ್ಟಿ ತಾ. ಅಲುಗಾಡದ ಹೊಟ್ಟಿ ತಾ. ಆಗ ಏಳತೀನಿ."

ಹುಲಿಗೆಮ್ಮ ಈ ಸಲ ಕಣ್ಣು ಒರೆಸಿಕೊಳ್ಳಲಿಲ್ಲ. ಎಷ್ಟು ಒರೆಸಿದರೂ ಮತ್ತೆ ಬರುತ್ತಿತ್ತು. ಹಾಗೆಯೇ ನಡೆದಳು. ಮನೆಗೆ ಬಂದಳು.

ಕೆಂಚಿ ಬಾಗಿಲಲ್ಲಿ ನಿಂತಿತ್ತು. ಗುಡ್ಡ ನೋಡುತ್ತಿತ್ತು. ಹುಲಿಗೆಮ್ಮ ಅದರ ಕೊರಳು ತಬ್ಬಿಕೊಂಡಳು. ಎಲ್ಲ ಹೇಳಿದಳು.

"ಕೆಂಚೀ, ಕೆಂಚೀ, ಕೇಳು.
ಮರಿ ಬರಬೇಕಂದ್ರ ಕೂಗು ಬೇಕು.
ಕೂಗು ಬೇಕಂದ್ರ ಕಂಪ್ಯೂಟರ್ ಏಳಬೇಕು.
ಕಂಪ್ಯೂಟರ್ ಏಳಬೇಕಂದ್ರ ಓಎಸ್ ಬೇಕು.
ಓಎಸ್ ಬೇಕಂದ್ರ ಪೆನ್‌ಡ್ರೈವ್ ತುಂಬಬೇಕು.
ಪೆನ್‌ಡ್ರೈವ್ ತುಂಬಬೇಕಂದ್ರ ನೆಟ್ ಬರಬೇಕು.
ನೆಟ್ ಬರಬೇಕಂದ್ರ ವೈರ್ ಕೂಡಬೇಕು.
ವೈರ್ ಕೂಡಬೇಕಂದ್ರ ಏಣಿ ಬೇಕು.
ಏಣಿ ಬೇಕಂದ್ರ ಕೋಳಿ ಏಳಬೇಕು.
ಕೋಳಿ ಏಳಬೇಕಂದ್ರ ಬೆಚ್ಚನ್ನ ಹೊಟ್ಟಿ ಬೇಕು."

ಕೆಂಚಿ ಆಗೂದಿಲ್ಲ ಅನ್ನಲಿಲ್ಲ. ಕೆಂಚಿಗೆ ಕೂಗೇ ಇರಲಿಲ್ಲವಲ್ಲ. ಅದು ಸುಮ್ಮನೆ ಹುಲಿಗೆಮ್ಮನ ಹಿಂದೆ ಹೊರಟಿತು.

ಮೇವಿನ ಕೋಣೆಗೆ ಬಂತು. ಮಲಗಿತು. ಕೋಳಿ ಕೆಂಚಿಯ ಮುಖ ನೋಡಿತು. ಕೆಂಚಿ ಕೋಳಿಯ ಮುಖ ನೋಡಿತು. ಕೋಳಿ ಎದ್ದಿತು.

ಹುಲಿಗೆಮ್ಮ ಮೊಟ್ಟೆ ಎತ್ತಿದಳು. ಕೆಂಚಿಯ ಹೊಟ್ಟೆಗೆ ಒತ್ತಿ ಇಟ್ಟಳು. ಒಂದು. ಎರಡು. ಮೂರು. ನಾಲ್ಕು. ಐದು. ಆರು. ಏಳು. ಒಂದೂ ಒಡೆಯಲಿಲ್ಲ. ಮೇಲೆ ಮೇವು ಹೊದಿಸಿದಳು. ಕೆಂಚಿ ಉಸಿರು ಕೂಡ ಮೆಲ್ಲಗೆ ಬಿಟ್ಟಿತು.

ಇನ್ನು ನೋಡಿ.

ಬೆಚ್ಚನೆ ಹೊಟ್ಟೆ ಬಂತು, ಕೋಳಿ ಎದ್ದಿತು.
ಕೋಳಿ ಎದ್ದಿತು, ಏಣಿ ಬಂತು.
ಏಣಿ ಬಂತು, ರಾಜಾಸಾಬ ಏರಿದ. ವೈರ್ ಕೂಡಿತು.
ವೈರ್ ಕೂಡಿತು, ನೆಟ್ ಬಂತು.
ನೆಟ್ ಬಂತು, ಪೆನ್‌ಡ್ರೈವ್ ತುಂಬಿತು.
ಪೆನ್‌ಡ್ರೈವ್ ತುಂಬಿತು, ಓಎಸ್ ಬಂತು.
ಓಎಸ್ ಬಂತು...

ತಾಳಿ. ಓಎಸ್ ಬಂತು, ಕಂಪ್ಯೂಟರ್ ಎದ್ದಿತು ಅಂತ ನೀವು ಹೇಳುತ್ತೀರಿ. ಇನ್ನೂ ಇಲ್ಲ. ಅದು ಬರೀ ಅರ್ಧ ಕಣ್ಣು ತೆರೆಯಿತು.

ಫಕೀರಪ್ಪನೇ ಶಾಲೆಗೆ ಬಂದಿದ್ದ. ಪೆನ್‌ಡ್ರೈವ್ ಚುಚ್ಚಿದ. ಕಪ್ಪು ಮುಖ ನೀಲಿ ಆಯಿತು. ಕಂಪ್ಯೂಟರ್ ಕೇಳಿತು:

"ಹೊಸಾ ಓಎಸ್ ಒಳಗ ಬರಾಕತ್ತೈತಿ. ನನ್ನೊಳಗಿನ ಹಳೇದನ್ನ ಎಲ್ಲಾ ಅಳಿಸಲೋ? ಇಟ್ಟುಕೊಳ್ಳಲೋ?"

"ಅಳಿಸಿಬಿಡು," ಅಂದ ಫಕೀರಪ್ಪ. "ಅಳಿಸಿದ್ರ ಜಲ್ದಿ ಆಗತೈತಿ. ಹೊತ್ತು ಮುಳಗಾಕ ಬಂತು. ನಾ ಯಾವಾಗ್ಲೂ ಹಂಗ ಮಾಡೂದು." ಅವನ ಬೆರಳು ಕೆಳಗೆ ಬಂತು.

"ಮಾವಾ, ಬ್ಯಾಡ!" ಹುಲಿಗೆಮ್ಮ ಎರಡೂ ಕೈಯಲ್ಲಿ ಅವನ ಬೆರಳು ಹಿಡಿದಳು. "ಹಳೇದ್ರಾಗ ನಮ್ಮ ಕೆಂಚಿ ಕೂಗು ಐತಿ!"

ಫಕೀರಪ್ಪನ ಮುಖ ಸಣ್ಣದಾಯಿತು. ಒಂದು ಬೆರಳು, ಒಂದು ಒತ್ತು. ಅಷ್ಟಾಗಿದ್ದರೆ ಕೂಗು ಹೋಗುತ್ತಿತ್ತು. ಪಾಪ, ಅವನೂ ಮರಿಗಾಗಿಯೇ ಅವಸರ ಮಾಡಿದ್ದ.

"ಇಟ್ಟುಕೋ," ಅಂದರು ಅಕ್ಕೋರು. "ಎಷ್ಟು ತಡ ಆದ್ರೂ ಆಗಲಿ, ಎಲ್ಲಾ ಇಟ್ಟುಕೋ."

ತಡವೇ ಆಯಿತು. ಪರದೆಯ ಮೇಲೆ ಹತ್ತು ಅಂತ ಬಂತು. ಆಮೇಲೆ ಇಪ್ಪತ್ತು. ಐವತ್ತಕ್ಕೆ ಬಂದು ನಿಂತೇಬಿಟ್ಟಿತು. ಹೊತ್ತು ಗುಡ್ಡದ ತಲೆ ಮುಟ್ಟಿತು. ಅರವತ್ತು. ಎಂಬತ್ತು. ಹೊತ್ತು ಅರ್ಧ ಮುಳುಗಿತು. ನೂರು.

ಕಂಪ್ಯೂಟರ್ ಎದ್ದಿತು.
ಕಂಪ್ಯೂಟರ್ ಎದ್ದಿತು, ಕೂಗು ಸಿಕ್ಕಿತು.

ಅಕ್ಕೋರು ಮೈಕು ಹಚ್ಚಿದರು.

"ಮ್ಯಾ..."

ಊರೆಲ್ಲ ತಿರುಗಿ ನೋಡಿತು. ಗುಡ್ಡ ಸುಮ್ಮನಿತ್ತು.

"ಮ್ಯಾ..."

ಗುಡ್ಡ ಸುಮ್ಮನಿತ್ತು. ಹುಲಿಗೆಮ್ಮ ಅಕ್ಕೋರ ಸೆರಗು ಹಿಡಿದಳು.

"ಮ್ಯಾ..."

ಆಗ ದೂರದಲ್ಲಿ, ಬಂಡೆಗಳ ನಡುವೆ, ಸಣ್ಣಗೆ ಕೇಳಿತು. "ಮೆ."

ಮರಿ ಬಂತು! ಬಿದ್ದಿತು, ಎದ್ದಿತು, ಓಡಿತು. ನೇರ ಶಾಲೆಗೆ ಬಂತು. ಮೈಕಿನ ಕೆಳಗೆ ನಿಂತಿತು. ತಲೆ ಎತ್ತಿ ಮೈಕನ್ನೇ ನೋಡಿತು. ಅವ್ವ ಅದರೊಳಗೆ ಇದ್ದಾಳೆ ಅಂದುಕೊಂಡಿತು. ಹುಲಿಗೆಮ್ಮ ಹತ್ತಿರ ಹೋದಳು. ಮರಿ ಹೆದರಿ ಹಿಂದೆ ಸರಿಯಿತು.

ಅತ್ತ ಮೇವಿನ ಕೋಣೆಯಲ್ಲಿ ಕೆಂಚಿಗೂ ಕೇಳಿತು ಆ ಸಣ್ಣ "ಮೆ". ಅದರ ಕಿವಿ ನೆಟ್ಟಗಾದವು. ಆದರೂ ಏಳಲಿಲ್ಲ. ಹೊಟ್ಟೆಗೆ ಒತ್ತಿ ಏಳು ಮೊಟ್ಟೆ ಇದ್ದವಲ್ಲ.

ಹೊರಗೆ ಕಾಳು ಹೆಕ್ಕುತ್ತಿದ್ದ ಕೋಳಿ ಓಡಿ ಬಂತು. "ಏಳವ್ವಾ, ಏಳು. ಇನ್ನ ನಾ ಕೂಡತೀನಿ. ನಿನ್ನ ಮರಿ ಬಂದೈತಿ, ಹೋಗು."

ಕೋಳಿ ಕೂತಿತು. ಕೆಂಚಿ ಎದ್ದಿತು. ಓಡಿತು.

ಶಾಲೆಯ ಅಂಗಳಕ್ಕೆ ಬಂತು. ಮರಿಯನ್ನು ಕಂಡಿತು. ಕರೆಯಲು ಬಾಯಿ ತೆರೆಯಿತು. ಕೂಗು ಬರಲಿಲ್ಲ.

ಮೇಲಿನಿಂದ ಮೈಕು "ಮ್ಯಾ" ಅಂದಿತು. ಮರಿ ಮೈಕು ನೋಡಿತು. ಕೆಂಚಿಯನ್ನು ನೋಡಿತು. ಮತ್ತೆ ಮೈಕು ನೋಡಿತು.

ಅಕ್ಕೋರು ಮೈಕು ಆರಿಸಿದರು.

ಈಗ ಎಲ್ಲಿಯೂ ಕೂಗಿಲ್ಲ. ಕೆಂಚಿ ಮೆಲ್ಲಗೆ ಹತ್ತಿರ ಬಂತು. ಮರಿ ಮೂಗು ಚಾಚಿತು. ಕೆಂಚಿಯ ಕಾಲು ಮೂಸಿತು. ಹೊಟ್ಟೆ ಮೂಸಿತು. ಆಮೇಲೆ ಮಂಡಿಯೂರಿ, ಕೆಚ್ಚಲಿಗೆ ಬಾಯಿ ಹಾಕಿ, ಹಾಲು ಕುಡಿಯಿತು. ಬಾಲ ಪಟಪಟ ಆಡಿಸಿತು. ಕೆಂಚಿ ಅದರ ಬೆನ್ನು ನೆಕ್ಕಿತು. ಹುಲಿಗೆಮ್ಮ ಆಗ ಜೋರಾಗಿ ಅತ್ತಳು. ಯಾರೂ ಬೇಡ ಅನ್ನಲಿಲ್ಲ.

ಮರಿ ಮನೆಗೆ ಬಂತು, ಕಥೆ ಬಾಯಿಗೆ ಬಂತು. ಇನ್ನು ನೀವೂ ಏಳಿ, ನಿಮ್ಮ ನಿಮ್ಮ ಅವ್ವನ ಹತ್ತಿರ ಹೋಗಿ. ಕರೆಯುವ ತನಕ ಕಾಯಬೇಡಿ.