ಎರಡು ಸಲ ಉಲಿಯುವ ಕಬ್ಬಿಣ

“ಕೆಂಗುಡ್ಡದ ನಾಡಿನ ಸಮಸ್ತ ಪ್ರಜೆಗಳು ಕೇಳಿ. ರಾಜಮಾತೆ ಮಾಳಬ್ಬೆಯವರು ಮೂರು ಒಗಟು ಒಡ್ಡಿದ್ದಾರೆ. ಮೂರನ್ನೂ ಬಿಡಿಸಿದವನಿಗೆ ಪ್ರಧಾನಿ ಪಟ್ಟ. ಒಂದು ತಪ್ಪಿದರೂ ನಿಂತಲ್ಲೇ ತಲೆದಂಡ. ಇದು ಹೊನ್ನರಸ ಮಹಾರಾಜರ ಆಜ್ಞೆ.”

ಹೀಗೆಂದು ಡಂಗುರ ಸಾರಿದರು. ಒಗಟು ತಾಯಿಯದು, ಕತ್ತಿ ಮಗನದು. ನಾಡು ಯಾಕೆ ಬರಿದಾಗುತ್ತಿದೆ, ಜನ ಯಾಕೆ ಗಡಿ ದಾಟಿ ಓಡುತ್ತಿದ್ದಾರೆ ಎಂದು ರಾಜ ಕೇಳಿದ್ದಕ್ಕೆ ಆ ಮುದುಕಿ, ನಾನು ಹೇಳಿದರೆ ನೀನು ಕೇಳುವವನಲ್ಲ, ಪ್ರಜೆಯ ಬಾಯಿಂದಲೇ ಕೇಳು ಎಂದು ಮೂರು ಒಗಟು ಕೊಟ್ಟು ಸುಮ್ಮನಾಗಿದ್ದಳು. ಬಂದವರು ಬಾಯಿಗೆ ಬಂದದ್ದು ಹೇಳಿ ಹೋಗಬಾರದೆಂದು ಮಗ ತಲೆದಂಡ ಸೇರಿಸಿದ. ಕಡಿಯುವುದು ಬಿಟ್ಟರೆ ಆ ಮಹಾರಾಯನಿಗೆ ಬೇರೆ ಉಪಾಯವೇ ಹೊಳೆಯುತ್ತಿರಲಿಲ್ಲ.

ಏಳು ವರ್ಷದ ಹಿಂದೆ ಕಡಲಾಚೆಯ ಹಡಗಿನವರು ಬಂದು, ನಿಮ್ಮ ಗುಡ್ಡದ ಅದಿರನ್ನು ಹಾಗೇ ಕೊಡಿ, ಹುಣ್ಣಿಮೆಗೊಮ್ಮೆ ಚಿನ್ನ ತರುತ್ತೇವೆ, ಆದರೆ ನಾಡಿನಲ್ಲಿ ಒಂದು ಕುಲುಮೆಯೂ ಉರಿಯಬಾರದು ಎಂದಿದ್ದರು. ರಾಜ ಮುದ್ರೆ ಒತ್ತಿದ. ಕುಲುಮೆ ಆರಿಸಲೊಪ್ಪದ ಮುನ್ನೂರು ಕಮ್ಮಾರರ ಬಲಗೈಯನ್ನು ಒಂದೇ ದಿನ ಮಣಿಕಟ್ಟಿಗೆ ಕಡಿಸಿದ. ಆಮೇಲೆ ಗುದ್ದಲಿಯೂ ಕತ್ತಿಯೂ ಹಡಗಿನಲ್ಲೇ ಬರಬೇಕಾಯಿತು. ಬಂದ ಚಿನ್ನ ಕತ್ತಿ ಕೊಳ್ಳುವುದಕ್ಕೇ ಸಾಲದೆ, ಸೈನ್ಯದ ಹೊಟ್ಟೆಗೆಂದು ಊರೂರಿನ ಬಿತ್ತನೆ ಬೀಜವನ್ನೂ ಕಣಜಕ್ಕೆ ಎಳೆದು ತಂದರು.

ಡಂಗುರ ಕೇಳಿ ಮೊದಲು ಬಂದವನು ದೊಡ್ಡ ಪಂಡಿತ. ಮಾಳಬ್ಬೆ ಮೆಲ್ಲಗೆ ಕೇಳಿದಳು: “ಒಬ್ಬ ತಾಯಿ ಮಗನನ್ನು ಮಣ್ಣಿನ ಮುದ್ದೆಯಾಗಿ ಕಡಲಾಚೆಗೆ ಕಳಿಸಿದಳು. ಅವನು ಮೈ ತಿದ್ದಿಕೊಂಡು ಹೊಳೆಯುತ್ತ ಮರಳಿದ. ಬಂದವನು ಒಡಹುಟ್ಟಿದವರನ್ನೇ ಕಡಿದ. ಅವನು ಯಾರು?”

ಪಂಡಿತ ಆಕಾಶ ನೋಡಿ, ಪೂರ್ವಜನ್ಮದ ಕರ್ಮ ಎಂದ. ಕಟುಕ ಕತ್ತಿ ಬೀಸಿದ. ತಲೆ ಮೂರು ಮೆಟ್ಟಿಲು ಉರುಳಿ ನಿಂತಿತು. ಮರುದಿನ ಬಂದ ದಳವಾಯಿ, ಅವನು ನಾಡದ್ರೋಹಿ ಎಂದ. ಅವನ ಕೊರಳು ದಪ್ಪಗಿದ್ದುದರಿಂದ ಎರಡು ಏಟು ಬೇಕಾದವು. ಚಿನ್ನ ಎಂದ ವರ್ತಕನ ಮಗ ಓಡಲು ನೋಡಿದ, ಬಾಗಿಲಲ್ಲೇ ಬೆನ್ನು ಸೀಳಿದರು. ಹೀಗೆ ಮೂವತ್ತು ಜನ ಸತ್ತರು. ಅಂಗಳದ ಕಲ್ಲುಗಳ ಸಂದಿಯಲ್ಲಿ ರಕ್ತ ಹೆಪ್ಪುಗಟ್ಟಿ, ತೊಳೆದರೂ ಹೋಗದಾಯಿತು. ಎರಡನೆಯ ಒಗಟು ಏನೆಂದು ಇನ್ನೂ ಯಾರ ಕಿವಿಗೂ ಬಿದ್ದಿರಲಿಲ್ಲ.

ಮೂವತ್ತೊಂದನೆಯವನಾಗಿ ಬಂದವನು ಕಮ್ಮಾರ ಕಾಳಪ್ಪನ ಮಗ ಮೋನಪ್ಪ. ಕೈ ಹೋದ ದಿನದಿಂದ ಕಾಳಪ್ಪ ಆರಿದ ಕುಲುಮೆಯ ಮುಂದೆ ಕೂತವನು, ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಅಪ್ಪ ಬದುಕಬೇಕಾದರೆ ಆ ಕುಲುಮೆ ಉರಿಯಬೇಕು, ಮಗನಿಗೆ ಗೊತ್ತಿದ್ದದ್ದು ಅಷ್ಟೆ. ಪ್ರಧಾನಿ ಪಟ್ಟದ ಆಸೆ ಅವನಿಗಿರಲಿಲ್ಲ.

ಮಾಳಬ್ಬೆ ಮೊದಲ ಒಗಟು ಕೇಳಿದಳು. ಮೋನಪ್ಪ ಆಕಾಶ ನೋಡಲಿಲ್ಲ, ಕಟುಕನ ಕೈಲಿದ್ದ ಕತ್ತಿ ನೋಡಿದ. ಕಬ್ಬಿಣ ಕಂಡರೆ ಉಗುರಿನಿಂದ ತಟ್ಟಿ ಕಿವಿಗೊಡುವುದು ಕಮ್ಮಾರರ ರೂಢಿ. ತಾನು ಎಲ್ಲಿದ್ದೇನೆಂಬುದನ್ನು ಮರೆತು ಅವನು ಕತ್ತಿಯತ್ತ ಕೈ ಚಾಚಿದ. ರಾಜನ ಮೇಲೆ ಬೀಳುತ್ತಾನೆಂದು ಕಾವಲಿನವನು ಈಟಿ ತಿವಿದ. ಮೊನೆ ಹೆಗಲು ತೂರಿ ಆಚೆ ಬಂತು. ಆ ನೋವಿನಲ್ಲೂ ಅವನ ಉಗುರು ಕತ್ತಿಗೆ ತಾಗಿತ್ತು. ಮೊದಲು ಗಟ್ಟಿಯಾಗಿ, ಆಮೇಲೆ ಕೆಳದನಿಯಲ್ಲಿ, ಅದು ಎರಡು ಸಲ ಉಲಿಯಿತು.

“ಇದು ನಮ್ಮ ಗುಡ್ಡದ್ದೇ ಕಬ್ಬಿಣ, ಒಡೆಯಾ,” ಎಂದ ಮೋನಪ್ಪ, ಹೆಗಲು ಒತ್ತಿ ಹಿಡಿದು. “ಬೇರೆ ಯಾವ ಸೀಮೆಯ ಕಬ್ಬಿಣಾನೂ ಹಿಂಗೆ ಎರಡು ಸಲ ಉಲಿಯಾಂಗಿಲ್ಲ. ಮಣ್ಣಾಗಿ ಮಾರಿದ್ವಿ, ಕತ್ತಿಯಾಗಿ ಬಂದು ನಮ್ಮವರನ್ನೇ ಕಡೀತು.”

ಮಾಳಬ್ಬೆ ತಲೆಯಾಡಿಸಿದಳು. ಅವಳು ಎರಡನೆಯದು ಕೇಳಿದಳು: “ಅರಮನೆಯಲ್ಲೊಂದು ಹೊಟ್ಟೆಯಿದೆ. ಅದು ತುಂಬಿದಷ್ಟೂ ಊರು ಸೊರಗುತ್ತದೆ. ಒಳಗಿರುವುದನ್ನು ಮಣ್ಣಿಗೆ ಚೆಲ್ಲಿದರೆ ನಾಲ್ಕೇ ತಿಂಗಳಲ್ಲಿ ಊರೂ ತುಂಬುತ್ತದೆ, ಅದೂ ತುಂಬುತ್ತದೆ. ಯಾವುದದು?”

ಬೀಜ ಕಳೆದುಕೊಂಡ ಊರಿನವನಿಗೆ ಅದೇನು ದೊಡ್ಡ ಒಗಟೇ? ಕಣಜ ಎಂದ. ಬೀಗ ಹಾಕಿದ ಬೀಜವನ್ನು ಇಲಿ ತಿನ್ನುತ್ತಿದೆ, ಹೊಲಗಳು ಖಾಲಿ ಬಿದ್ದಿವೆ ಎಂದೂ ಸೇರಿಸಿದ.

ಮುದುಕಿ ಮೂರನೆಯದು ಕೇಳಿದಳು: “ಕತ್ತಿ ಮುಟ್ಟದೆ, ಅರಮನೆಯ ಹೊಸ್ತಿಲು ದಾಟದೆ, ಒಬ್ಬ ಒಂದೇ ದಿನ ಮುನ್ನೂರು ಕೈ ಕಡಿದ. ಅವನ ಮೈಮೇಲೆ ಒಂದು ಹನಿ ರಕ್ತವಿಲ್ಲ. ಅವನು ಯಾರು?”

ಇದರ ಉತ್ತರ ಸಭೆಯಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಅದಕ್ಕೇ ಎಲ್ಲರೂ ನೆಲ ನೋಡತೊಡಗಿದರು. ತಪ್ಪು ಹೇಳಿದರೆ ಕಟುಕ ಕಡಿಯುತ್ತಾನೆ, ಸರಿ ಹೇಳಿದರೆ ರಾಜ ಕಡಿಯುತ್ತಾನೆ. ಅಪ್ಪನ ಮೊಂಡುಗೈ ಮೋನಪ್ಪನ ಕಣ್ಣಿಗೆ ಕಟ್ಟಿತು.

“ನೀವೇ, ಒಡೆಯಾ,” ಎಂದ. “ಮುದ್ರೆ ಒತ್ತಿದ್ದು ನಿಮ್ಮ ಕೈ.”

ಹೊನ್ನರಸ ಸಿಂಹಾಸನದಿಂದ ಹಾರಿ, ಕಟುಕನ ಕೈಯಿಂದ ಕತ್ತಿ ಕಿತ್ತುಕೊಂಡು ಎತ್ತಿದ. ಮೋನಪ್ಪ ಕಣ್ಣು ಮುಚ್ಚಿದ.

“ಮೂರೂ ಸರಿ,” ಎಂದಳು ಮಾಳಬ್ಬೆ. “ಸರಿ ಹೇಳಿದವನ ತಲೆಯೂ ಹೋಗುತ್ತದೆ ಎಂದು ನಿನ್ನ ಡಂಗುರದಲ್ಲಿ ಇರಲಿಲ್ಲವಲ್ಲ, ಮಗನೆ.”

ಎತ್ತಿದ ಕತ್ತಿ ಬಹಳ ಹೊತ್ತು ಹಾಗೇ ನಿಂತಿತು. ಅದರ ಹಿಡಿಗೆ ಅಂಟಿದ್ದ ಹಳೆಯ ರಕ್ತ ಅಂಗೈ ಬೆವರಿಗೆ ಕರಗಿ ರಾಜನ ತೋಳಿಗೆ, ರೇಷ್ಮೆಗೆ ಇಳಿಯಿತು. ಅವನು ಅದನ್ನೇ ನೋಡಿದ. ಆಮೇಲೆ ಕತ್ತಿ ಕೆಳಗಿಳಿಸಿದ.

ಮೋನಪ್ಪ ಪ್ರಧಾನಿಯಾದ. ಅಂದೇ ಕಣಜ ತೆರೆಸಿ ಬೀಜ ಹಂಚಿಸಿದ, ಹಡಗುಗಳನ್ನು ಬರಿದಾಗಿಯೇ ವಾಪಸು ಕಳಿಸಿದ, ಕುಲುಮೆಗಳನ್ನು ಹೊತ್ತಿಸಲು ಹೇಳಿದ. ನಿನಗಾಗಿ ಏನು ಬೇಕು ಎಂದು ರಾಜ ಕೇಳಿದಾಗ, ಆ ಕತ್ತಿ ಸಾಕು ಎಂದ.

ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಹೋಗಿ ಅದನ್ನು ಬೆಂಕಿಗಿಟ್ಟ. ಏಳು ವರ್ಷದಿಂದ ಅಲುಗಾಡದೆ ಕೂತಿದ್ದ ಕಾಳಪ್ಪ ತಾನಾಗಿಯೇ ಎದ್ದು ಎಡಗೈಯಿಂದ ಗಾಳಿಯೂದುವ ತಿದಿ ಒತ್ತಿದ. ಅಷ್ಟೊಂದು ತಲೆ ಕಡಿದ ಕತ್ತಿ ಕೆಂಪಗೆ ಕಾದು ಬಾಗಿ, ಮೊಂಡುಗೈಗೆ ತೊಡಿಸಿ ಸುತ್ತಿಗೆ ಸಿಕ್ಕಿಸುವ ಕೊಕ್ಕೆಯಾಯಿತು. ಹೊರಗೆ ಕೈ ಕಳೆದುಕೊಂಡ ಇನ್ನೂ ಇನ್ನೂರ ತೊಂಬತ್ತೊಂಬತ್ತು ಮಂದಿ ಸಾಲಾಗಿ ನಿಂತಿದ್ದರು. ಅರಮನೆಯ ಆಯುಧಶಾಲೆಯಿಂದ ಕತ್ತಿ ತುಂಬಿದ ಗಾಡಿಗಳು ಬರುತ್ತಿದ್ದವು.

ಕಾಳಪ್ಪ ಕೊಕ್ಕೆ ತೊಟ್ಟು, ಎಡಗೈಯ ಉಗುರಿನಿಂದ ಒಮ್ಮೆ ತಟ್ಟಿ ಕಿವಿಗೊಟ್ಟ. ಅದು ಎರಡು ಸಲ ಉಲಿಯಿತು. ಆಗ ಅವನು ಏಳು ವರ್ಷದಲ್ಲಿ ಮೊದಲ ಮಾತಾಡಿದ. “ನಮ್ಮದೇ,” ಎಂದ.